ಬಾಗಳಿ ಕಟ್ಟೆಯ ಜಾಗತಿಕ ವಾರ್ತಾಮೀಮಾಂಸೆ: ಒಂದು ಪ್ರೌಢ ಪ್ರಬಂಧ

ಲೋಕದ ಸುದ್ದಿ ಹುಟ್ಟುವುದು ವಾಷಿಂಗ್ಟನ್ನಿನಲ್ಲಿ ಎಂಬುದು ಪೂರ್ವಪಕ್ಷ. ಹುಟ್ಟಲಿ, ನಮ್ಮ ತಕರಾರಿಲ್ಲ. ಅದಕ್ಕೆ ಅರ್ಥ ಬರುವುದು ಮಾತ್ರ ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಕಟ್ಟೆಯ ಮೇಲೆ, ಸಂಜೆ ಮಿರ್ಚಿ ಬಾಣಲಿಗೆ ಬಿದ್ದ ನಂತರವೇ ಎಂಬುದು ನಮ್ಮ ಸಿದ್ಧಾಂತ.

ಈ ವಿದ್ಯೆಯ ಮೂಲಪೀಠ ಹಡಗಲಿ ತಾಲ್ಲೂಕಿನ ಮೈಲಾರ. ಜಾತ್ರೆಯಲ್ಲಿ ಕಾರ್ಣಿಕ (ಭವಿಷ್ಯವಾಣಿ) ನುಡಿಯುವ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎನ್ನುತ್ತಾನೆ. ಕಿಕ್ಕಿರಿದ ಜನ ಗಪ್‌ಚಿಪ್. ಒಂದೇ ವಾಕ್ಯ ನುಡಿದು ಕೆಳಗೆ ಬೀಳುತ್ತಾನೆ. ಅದಕ್ಕೆ ರೈತರು ಮಳೆಯೆಂದೂ ರಾಜಕಾರಣಿಗಳು ಕುರ್ಚಿಯೆಂದೂ ವರ್ಷವಿಡೀ ಭಾಷ್ಯ ಹೇಳುತ್ತಾರೆ. ಟಿ.ವಿ. ನಿರೂಪಕರು 24 ಗಂಟೆ ಕೂಗುತ್ತಾರೆ. ಬಿಲ್ಲೇರುವುದಿಲ್ಲವಾದ್ದರಿಂದ ಬೀಳುವುದೂ ಇಲ್ಲ.

ಇನ್ನು ಪ್ರಮಾಣಗಳು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿತು. ಗಡಿ ಸರಿದ ಮಾತಿಗೆ ಕಟ್ಟೆ ಬೆರಗಾಗಲಿಲ್ಲ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ, ಹೀಗೆ ಕೂತ ಕಲ್ಲು ಬಿಟ್ಟೇಳದೆ ಜಿಲ್ಲೆ ಬದಲಿಸಿದ ಮಂದಿ. ಆದರೆ ದೇಶಕ್ಕೆ ಬರುವ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಆ ಜಗಳಗಂಟರದ್ದೇ. ಎಣ್ಣೆ ತುಟ್ಟಿಯಾಯಿತು, ಮಿರ್ಚಿ ಸಣ್ಣದಾಯಿತು. “ಪುಟಿನ್ ಕೈ ಬಾಣಲಿತನಕ ಬಂದೈತಿ” ಎಂದರು ಹಿರಿಯರೊಬ್ಬರು.

2025ರ ಆಗಸ್ಟ್ 27ರಿಂದ ಟ್ರಂಪ್ ಸಾಹೇಬರು ನಮ್ಮ ಸರಕಿಗೆ ಶೇ 50 ಸುಂಕ ಜಡಿದರು. ಅದರ ಹಿಂದಿನ ದಿನವೇ ಟೇಲರ್ ಸ್ವಿಫ್ಟ್ ನಿಶ್ಚಿತಾರ್ಥದ ಸುದ್ದಿ. ಕಟ್ಟೆ ಎರಡನೆಯದನ್ನು ಮೊದಲು ಎತ್ತಿಕೊಂಡಿತು.

“ಹುಡುಗ ಏನ್ ಮಾಡ್ತಾನಪ?”

“ಚೆಂಡು ಹಿಡೀತಾನಂತ, ಕಾಕಾ.”

“ಅದ್ ಖರೆ, ಕೆಲಸ?”

ತಾರೆಯರ ಖಾಸಗಿ ಬದುಕಿಗೆ ಇಲ್ಲಿ ಯಾರೂ ಕಣ್ಣರಳಿಸುವುದಿಲ್ಲ. ಅದಕ್ಕಿಂತ ಬಿಚ್ಚುಸುದ್ದಿ ಊರ ಕಲ್ಲೇಶ್ವರ ಗುಡಿಯ ಹೊರಮೈಯಲ್ಲಿ ಚಾಲುಕ್ಯರ ಕಾಲದಿಂದಲೂ ಕಲ್ಲಿನಲ್ಲೇ ಅಚ್ಚಾಗಿದೆ.

ಸೆಪ್ಟೆಂಬರಿನಲ್ಲಿ ಅಮೆರಿಕದ ವಾಣಿಜ್ಯ ಸಚಿವ ಲಟ್ನಿಕ್ ಗೊಣಗಿದರು: 140 ಕೋಟಿ ಜನರಿದ್ದೂ ಭಾರತ ತಮ್ಮ ಒಂದು ಬುಷೆಲ್ ಮೆಕ್ಕೆಜೋಳ ಕೊಳ್ಳುತ್ತಿಲ್ಲವಂತೆ. (ಬುಷೆಲ್ ಎಂದರೆ ಸುಮಾರು 25 ಕೆ.ಜಿ. ಕಟ್ಟೆಯ ಲೆಕ್ಕದಲ್ಲಿ ಅರ್ಧ ಚೀಲ.) ಕಟ್ಟೆ ಮೊದಲ ಸಲ ಮೌನವಾಯಿತು. ಸುತ್ತ ಕಣ್ಣು ಹಾಯುವಷ್ಟೂ ಅದೇ ಬೆಳೆ. ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಎಂದು ಸರ್ಕಾರ ಘೋಷಿಸಿದ್ದರೂ ಆ ಸುಗ್ಗಿಯಲ್ಲಿ ಪೇಟೆ ಧಾರಣೆ ಎರಡು ಸಾವಿರದ ಕೆಳಗೆ ಜಾರಿತ್ತು. ರಸ್ತೆ ಬದಿ ತೆನೆ ಬಿಡಿಸಿ ಹರವಿದ ಕಾಳು, ಮೇಲೆ ಮೋಡ. ಕೊನೆಗೆ ಕಾಕಾ ಬೀಡಿ ಆರಿಸಿ ವಿದೇಶಾಂಗ ನೀತಿ ಪ್ರಕಟಿಸಿದರು:

“ಪಾಪ, ಅಂವಗೂ ಕೊಳ್ಳೋರಿಲ್ಲ. ರಾಶಿ ಮ್ಯಾಲ ತಾಡಪಾಲ್ ಹೊಚ್ಚಾಕ ಹೇಳ್ರಪ.”

ಸುಂಕದ ಮುಂದಿನ ಗತಿ ತಿಳಿಯಲು ಪ್ರಬಂಧಕಾರನು ಮಿರ್ಚಿ ಕಟ್ಟಿಕೊಟ್ಟ ಪತ್ರಿಕೆಯ ಹಾಳೆಯನ್ನು ಬಿಡಿಸಿ ಓದಿದನು. ಎಣ್ಣೆ ಹೀರದ ಮೂಲೆಯಲ್ಲಿ ‘7ನೇ ಪುಟಕ್ಕೆ’ ಎಂದಿತ್ತು. ಆ ಪುಟ ಆಗಲೇ ಯಾರದೋ ಮಂಡಕ್ಕಿ ಸುತ್ತಿಕೊಂಡು ಹರಪನಹಳ್ಳಿ ಬಸ್ಸು ಹತ್ತಿತ್ತು.