ಆಂಪಿಯರಣ್ಣ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕರಲ್ಲಿ ಎಲ್ಲಿ ಬಸ್ಸಿಳಿದರೂ ಬೇಕರಿಗೂ ಗೊಬ್ಬರದಂಗಡಿಗೂ ನಡುವೆ ಒಂದು ರಿಪೇರಿ ಅಂಗಡಿ ಇದ್ದೇ ಇರುತ್ತದೆ. ಒಳಗೆ ಹೊಟ್ಟೆ ಬಗೆದ ಟಿವಿಗಳು, ಸಾಲ್ಡರಿಂಗ್ ಹೊಗೆ, ಮೂಗಿನ ತುದಿಗೆ ಜಾರಿದ ಕನ್ನಡಕ. ಆ ಕನ್ನಡಕದ ಹಿಂದಿರುವವರಿಗೆಲ್ಲ ನಾನಿಟ್ಟ ಹೆಸರು ಒಂದೇ: ಆಂಪಿಯರಣ್ಣ. ಇದು ಹುಣಸೂರಿನ ಆಂಪಿಯರಣ್ಣನ ಕಥೆ.

ಇವರು ಮನುಷ್ಯರನ್ನು ನಂಬುತ್ತಾರೆ, ಸಾಲ ಕೂಡ ಕೊಡುತ್ತಾರೆ. ಅಡಾಪ್ಟರ್ ಮೇಲಿನ ಚೀಟಿಯನ್ನು ಮಾತ್ರ ನಂಬುವುದಿಲ್ಲ.

ನಮ್ಮ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಹತ್ತಿರ ಹಾಕಿಸಿದ ಕ್ಯಾಮೆರಾಗಳು ಹಗಲೆಲ್ಲ ಕಣ್ಣು ಬಿಟ್ಟುಕೊಂಡಿದ್ದು, ಕತ್ತಲಾದೊಡನೆ ಮಲಗಿಬಿಡುತ್ತಿದ್ದವು. ಅಡಾಪ್ಟರ್ ಹಿಡಿದುಕೊಂಡು ಹೋದೆ. ಮೇಲೆ ‘12 ವೋಲ್ಟ್, 5 ಆಂಪಿಯರ್’ ಎಂದು ಬರೆದಿತ್ತು.

“ಮೀಟರ್ ಇಟ್ಟು ನೋಡಿದೆ ಅಣ್ಣ, ಸರಿಯಾಗಿ ಹನ್ನೆರಡು ತೋರಿಸ್ತು” ಎಂದೆ.

“ಚುಂಚನಕಟ್ಟೆ ಜಾತ್ರೇಲಿ ಗೂಟಕ್ಕೆ ಕಟ್ಟಿದ ಎತ್ತೆಲ್ಲಾ ಚೆನ್ನಾಗೇ ಕಾಣ್ತವೆ ಸಾರ್. ನೊಗ ಹೂಡಿದ್ಮೇಲೆ ತಾನೇ ಗೊತ್ತಾಗೋದು? ಕತ್ತಲಾದ್ರೆ ಕ್ಯಾಮೆರಾದೊಳಗಿನ ದೀಪ ಹತ್ಕೊಳ್ತವೆ. ಆಗ ನೊಗ ಬೀಳ್ತದೆ, ಎತ್ತು ಮಂಡಿಯೂರ್ತದೆ.”

ಆ ನೊಗಕ್ಕಾಗಿ ಅವರು ಪಟ್ಟ ಪಾಡು ಸಣ್ಣದಲ್ಲ. ಮೊದಲು ಕಾರಿನ ಹೆಡ್‌ಲೈಟ್ ಬಲ್ಬು ಕಟ್ಟಿ ನೋಡಿದರು. 55 ವ್ಯಾಟ್, ಹೆಚ್ಚುಕಡಿಮೆ ನಾಲ್ಕೂವರೆ ಆಂಪಿಯರ್. ಆದರೆ ತಣ್ಣಗಿರುವ ಬಲ್ಬು ಹತ್ತಿಕೊಳ್ಳುವ ಕ್ಷಣದಲ್ಲಿ ಅದರ ಎಷ್ಟೋ ಪಟ್ಟು ಕರೆಂಟು ಎಳೆಯುತ್ತದೆ. ಒಳ್ಳೆಯ ಅಡಾಪ್ಟರ್ ಕೂಡ ಹೆದರಿ ಕೈಯೆತ್ತಿತು. ಆಮೇಲೆ 1000 ವ್ಯಾಟ್‌ನ ಹೀಟರ್ ಕಾಯಿಲ್. ಅದು 230 ವೋಲ್ಟಿನ ಊಟ ಉಂಡು ಬೆಳೆದದ್ದು. 12 ವೋಲ್ಟಿಗೆ ಕಾಲು ಆಂಪಿಯರನ್ನೂ ಮುಟ್ಟಲಿಲ್ಲ. ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗ, ಗುಜರಿ ಕಂಪ್ಯೂಟರಿನ ಹೀಟ್‌ಸಿಂಕು, ಅದರದೇ ಫ್ಯಾನು ಕೂಡಿಸಿ ‘ಎಲೆಕ್ಟ್ರಾನಿಕ್ ಲೋಡು’ ಕಟ್ಟಿದರು.

“ನಾಲೆಯ ತೂಬು ಇದ್ದಂಗೆ ಸಾರ್. ಮಾಸ್ಫೆಟ್ಟೇ ತೂಬಿನ ಬಾಗಿಲು. ಈ 0.1 ಓಮ್ ರೆಸಿಸ್ಟರ್ ನೀರಿನ ಅಳತೆಕಲ್ಲು; 5 ಆಂಪಿಯರ್ ಹರಿದರೆ ಇದರ ಮೇಲೆ ಅರ್ಧ ವೋಲ್ಟ್. ಈ ಎಂಟು ಕಾಲಿನ ಐಸಿ ನೀರುಗಂಟಿ. ತಿರುಪು ಎಷ್ಟಕ್ಕಿಟ್ರೆ ಅಷ್ಟೇ ನೀರು ಬಿಡ್ತಾನೆ, ಲಂಚ ಮುಟ್ಟಲ್ಲ.”

ಖರ್ಚು ಐನೂರೇ ರೂಪಾಯಿ ಎಂದು ಅವರ ವಾದ. ಸುಟ್ಟುಹೋದ ಮಾಸ್ಫೆಟ್‌ಗಳ ಲೆಕ್ಕವನ್ನೂ ಬೆಂಗಳೂರಿನ ಬಸ್‌ಚಾರ್ಜನ್ನೂ ಅವರ ಹೆಂಡತಿ ಬೇರೆ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. “ರೆಡಿಮೇಡೇ ಸಿಗುತ್ತಲ್ಲಣ್ಣ, 150 ವ್ಯಾಟಿಂದು?” ಎಂದು ಕೇಳಿ ನೋಡಿ. “150 ಅಂತ ಬರೆದೋರು ಯಾರು?” ಎನ್ನುತ್ತಾರೆ.

ಬೆಂಚಿನ ಮೇಲಿದ್ದ ಯಜಮಾನರೊಬ್ಬರಿಗೆ ಒಂದು ಅನುಮಾನ. “ಅಲ್ಲ ಕಣಪ್ಪ, ಇದು ಏನ್ ಕೆಲ್ಸ ಮಾಡ್ತದೆ?”

“ಕರೆಂಟ್ ತಿಂತದೆ.”

“ತಿಂದು?”

“ಬಿಸಿಯಾಯ್ತದೆ.”

“ಅಷ್ಟೇಯಾ?”

“ಅಷ್ಟೇ.”

ಯಜಮಾನರು ನಿಟ್ಟುಸಿರು ಬಿಟ್ಟರು. “ಇದಕ್ಕೆ ದುಡ್ಡು ಯಾಕ್ ಹಾಕ್ದೆ? ನಮ್ಮ ಅಳಿಯನ್ನೇ ಕಳಿಸಿಕೊಡ್ತಿದ್ದೆ.”

ಎಚ್.ಡಿ. ಕೋಟೆ ಕಡೆಯವರು ಸೋಲಾರ್ ಬೇಲಿಯ ಬ್ಯಾಟರಿ ತರುತ್ತಾರೆ. ಹಳೇ ಬ್ಯಾಟರಿ ಕೂಡ ಬಿಸಿಲಲ್ಲಿ 12 ವೋಲ್ಟ್ ತೋರಿಸಿ ನಗುತ್ತದೆ. ಆಂಪಿಯರಣ್ಣ ಅದನ್ನು ರಾತ್ರಿಯೆಲ್ಲ ಲೋಡಿಗೆ ಹಾಕಿ, ಬೆಳಿಗ್ಗೆ ತಲೆ ಅಲ್ಲಾಡಿಸುತ್ತಾರೆ. “ನಾನು ಟೆಸ್ಟ್ ಮಾಡ್ಲಿಲ್ಲ ಅಂದ್ರೆ ಆನೆ ಮಾಡ್ತದೆ. ಅದು ರಿಪೋರ್ಟು ಕೊಡೋದು ಬಾಳೆತೋಟದಲ್ಲಿ.”

ನನ್ನ ಅಡಾಪ್ಟರಿಗೂ ನೊಗ ಹೂಡಿದರು. ಒಂದು ಆಂಪಿಯರಿಗೆ ಗಂಭೀರವಾಗಿತ್ತು. ಎರಡಕ್ಕೆ ಬೆವರಿತು. ಮೂರು ಮುಟ್ಟುವಷ್ಟರಲ್ಲಿ 12 ಹೋಗಿ 9 ಆಯಿತು. ಆಂಪಿಯರಣ್ಣ ಮಾರ್ಕರ್ ತೆಗೆದು ‘5’ ಹೊಡೆದುಹಾಕಿ, ಪಕ್ಕದಲ್ಲಿ ಬಾಲ ಉದ್ದವಾದ ‘2’ ಬರೆದರು. ದುಡ್ಡು ಕೊಡಹೋದರೆ, “ನಿಜ ಹೇಳೋಕೆ ಎಂಥಾ ದುಡ್ಡು ಸಾರ್” ಎಂದರು. ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು.

ಆ ಬಾಲದ ಅಂಕಿ ಈಗ ಸುತ್ತಲೂ ಪ್ರಸಿದ್ಧ. ‘ಆಂಪಿಯರಣ್ಣನ ಕೈಬರಹ ಇದ್ರೆ ಕೊಡಿ’ ಎಂದು ಜನ ಅಂಗಡಿಗಳಲ್ಲಿ ಕೇಳುತ್ತಾರಂತೆ.

ಮೊನ್ನೆ ಹೋದಾಗ ಪಿರಿಯಾಪಟ್ಟಣದ ಹುಡುಗನೊಬ್ಬ ಹೊಸ ಅಡಾಪ್ಟರ್ ಹಿಡಿದು ನಿಂತಿದ್ದ. “ಇದ್ರಲ್ಲಿ ನೀವೇ ಎರಡು ಅಂತ ಬರ್ದಿದ್ದೀರಾ ಅಣ್ಣ, ಐವತ್ತು ರೂಪಾಯಿ ಜಾಸ್ತಿ ಕೊಟ್ಟು ತಂದೆ. ಆದ್ರೂ ಕ್ಯಾಮೆರಾ ಆಫ್ ಆಯ್ತದೆ.”

ಆಂಪಿಯರಣ್ಣ ಕನ್ನಡಕ ಮೇಲೇರಿಸಿ ನೋಡಿದರು. ಬಾಲವೇನೋ ಉದ್ದವಾಗಿತ್ತು, ಆದರೆ ಅಕ್ಷರ ಅವರದಲ್ಲ. ಲೋಡಿಗೆ ಹಾಕಿದರು. 1.4ಕ್ಕೇ ಮಂಡಿಯೂರಿತು.

ಅಂಗಡಿಯಲ್ಲಿ ಫ್ಯಾನಿನ ಸದ್ದೊಂದೇ ಉಳಿಯಿತು. ಕಾಫಿ ತಂದ ಅವರ ಹೆಂಡತಿ ಆ ‘2’ ನೋಡಿ, ಲೋಟ ಇಟ್ಟು ಹೇಳಿದರು:

“ಸದ್ಯ! ನಿಮ್ಮ ಹೆಸರಲ್ಲಿ ಕೊನೆಗೂ ಯಾರೋ ನಾಲ್ಕು ಕಾಸು ಮಾಡಿದ್ರಲ್ಲ.”