ಓಣಿಗೊಬ್ಬ ಸೋಲಾರ್ ಕಾಕಾ

ರಾಯಚೂರಿನಲ್ಲಿ ಏಪ್ರಿಲ್ ಕಾಲಿಟ್ಟಿತೆಂದರೆ ಬಿಸಿಲಿನ ಪರ ವಕಾಲತ್ತು ಮಾಡಲು ಯಾರೂ ಸಿಗುವುದಿಲ್ಲ. ಕಲ್ಲಂಗಡಿ ಮಾರುವವನಿಗೆ ಅದೇ ಸುಗ್ಗಿ, ಆದರೂ ಬೈಯುತ್ತಾನೆ. ಮಣ್ಣಿನ ಮಡಕೆ ಮಾರುವವಳು ಗಿರಾಕಿಗೆ ಚಿಲ್ಲರೆ ಎಣಿಸುತ್ತಲೇ ಬೈಯುತ್ತಾಳೆ. ಇಡೀ ಊರಿನಲ್ಲಿ ಬಿಸಿಲನ್ನು ಬಾಯ್ತುಂಬ ಹೊಗಳುವ ಆಸಾಮಿ ಒಬ್ಬನೇ, ಸೋಲಾರ್ ಕಾಕಾ. ಮಂದಿ ಪೇಪರಿನಲ್ಲಿ ‘43 ಡಿಗ್ರಿ’ ಎಂದು ಓದಿ ಹಣೆ ಒತ್ತಿಕೊಳ್ಳುವ ಹೊತ್ತಿಗೆ ಈತ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಮಾಳಿಗೆಯ ಮೇಲೆ ನಿಂತು, “ಭಾಳ ಛಲೋ ಬಿಸಿಲು ಬಿದ್ದದ್ರಿ ಇವತ್ತು!” ಎನ್ನುತ್ತಿರುತ್ತಾನೆ.

ಕಾಕಾ ಒಬ್ಬನೇ ಎಂದುಕೊಳ್ಳಬೇಡಿ. ಓಣಿಗೊಬ್ಬ ಇದ್ದಾನೆ. ಕಲಬುರಗಿ, ಬಳ್ಳಾರಿ, ವಿಜಯಪುರಗಳಲ್ಲಿ ಕಾಕಾ. ಬೆಂಗಳೂರಿಗೆ ಹೋದರೆ ಅಂಕಲ್. ವಯಸ್ಸು 60 ದಾಟಿರುತ್ತದೆ. ಬ್ಯಾಂಕೋ, ಹೈಸ್ಕೂಲೋ, ನೀರಾವರಿ ಇಲಾಖೆಯೋ, ಎಲ್ಲಿಂದಲೋ ನಿವೃತ್ತನಾಗಿರುತ್ತಾನೆ. ಬೀಳ್ಕೊಡುಗೆಯ ಹಾರ ಒಣಗುವ ಮೊದಲೇ ಬಂದ ಹಣದ ಒಂದು ಪಾಲು ಮಾಳಿಗೆ ಹತ್ತಿ ಕೂತಿರುತ್ತದೆ. ಅಲ್ಲಿಯವರೆಗೆ ತುಟ್ಟಿಭತ್ಯೆ, ಪಿಂಚಣಿ, ಬಿಪಿ ಎಂದು ಮಾತಾಡುತ್ತಿದ್ದವನು ಅಲ್ಲಿಂದಾಚೆ ಯುನಿಟ್ ಬಿಟ್ಟು ಬೇರೆ ಮಾತಾಡುವುದಿಲ್ಲ. “ಕಾಕಾ, ಆರಾಮಾ?” ಎಂದರೆ, “ನಿನ್ನೆ 13 ಬಂತು” ಎನ್ನುತ್ತಾನೆ. ಹೊಸಬರು ಸಕ್ಕರೆ ಕಾಯಿಲೆ ಇರಬೇಕೆಂದು ಮರುಗುತ್ತಾರೆ.

ಅವನ ದಿನಚರಿ ಸೂರ್ಯನಿಗೆ ಕಟ್ಟುಬಿದ್ದದ್ದು. ಬೆಳಗಿನ ಆರಕ್ಕೇ ಬಕೆಟ್ಟು, ಉದ್ದ ಕೋಲಿನ ಬ್ರಷ್ಷು ಹಿಡಿದು ಪ್ಯಾನೆಲ್ ತೊಳೆಯಲು ಹಾಜರ್. ಮಧ್ಯಾಹ್ನ ತಣ್ಣೀರು ಸುರಿದರೆ ಕಾದ ಗಾಜು ಬಿರುಕು ಬಿಟ್ಟೀತು ಎಂಬುದು ಅವನಿಗೆ ಗೊತ್ತು, ಸರಿಯೂ ಹೌದು. ಆಮೇಲೆ ಮೊಬೈಲ್ ತೆಗೆದು ಆ್ಯಪ್ ನೋಡಲು ಶುರು. ಅವ್ವ ಕೂಸಿನ ಜ್ವರ ನೋಡುವ ಹಾಗೆ ತಾಸಿಗೆ ನಾಲ್ಕು ಸಲ ನೋಡುತ್ತಾನೆ. ನಡುವೆ ಒಂದು ಮೋಡ ಬಂದರೆ ಮುಗಿಲಿನ ಕಡೆ ಮುಖ ಮಾಡಿ ಕೇಳುತ್ತಾನೆ, “ಇದಕ್ಕೇನು ಕೆಲಸ ಇಲ್ಲಿ?” ಮಳೆಗಾಗಿ ಊರಿನವರು ಕತ್ತೆಗಳ ಮದುವೆ ಮಾಡುವಾಗ ಮೆರವಣಿಗೆಗೆ ಬಾರದೆ ಉಳಿಯುವವನು ಕಾಕಾ ಒಬ್ಬನೇ.

ಅವನ ಮಾಳಿಗೆಯ ಮೇಲೆ 3 ಕಿಲೋವಾಟ್ ಇದೆ. ಆರು ಪ್ಯಾನೆಲ್, ಸುಮಾರು 300 ಚದರಡಿ ಜಾಗ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಶುರುವಾದಾಗ 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಎಂದು ಓದಿ ಓಣಿಯಲ್ಲಿ ಮೊದಲು ಅರ್ಜಿ ಹಾಕಿದವನು ಈತ. ದಿನಕ್ಕೆ 12 ಯುನಿಟ್ ಆಚೀಚೆ ಬರುತ್ತದೆ. ಬಂದದ್ದರಲ್ಲಿ ಮನೆಗೆ ಬೇಕಾದಷ್ಟು ಬಳಸಿ, ಮಿಕ್ಕದ್ದನ್ನು ಬೀದಿಯ ಲೈನಿಗೆ ಬಿಡುತ್ತಾನೆ. ಎರಡೂ ಕಡೆ ಲೆಕ್ಕ ಇಡುವ ಮೀಟರು ಗೋಡೆಯ ಮೇಲಿದೆ. ಅಂದಿನಿಂದ ಓಣಿಯವರ ಬಲ್ಬುಗಳನ್ನು ಅವನು ನೋಡುವ ನೋಟವೇ ಬೇರೆ. ಪಕ್ಕದ ಮನೆಯ ಫ್ಯಾನು ತಿರುಗುವುದನ್ನು ಕಂಡರೆ, ತನ್ನ ತಂಗಳೂಟ ಉಂಡವರನ್ನು ನೋಡಿದಷ್ಟು ಕರುಣೆ.

ಆದರೆ ಪಕ್ಕದ ಮನೆಯವನೂ ಕಡಿಮೆಯಿಲ್ಲ. ರಾಜ್ಯ ಸರಕಾರದ ಗೃಹಜ್ಯೋತಿ ಯೋಜನೆ ಬಂದು 2023ರ ಆಗಸ್ಟ್‌ನಿಂದ ಅವನ ಮನೆಗೆ ಶೂನ್ಯ ಬಿಲ್. ಹಿಂದಿನ ವರ್ಷದ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿ, 200 ಯುನಿಟ್ ಒಳಗಿದ್ದರೆ ಪುಕ್ಕಟೆ. ಕಾಕಾನಿಗೆ ಮಾತ್ರ ಸಬ್ಸಿಡಿ ಕಳೆದು ಲಕ್ಷದ ಮೇಲೆ ಖರ್ಚಾದರೂ ಬಿಲ್ ಪೂರ್ತಿ ಸೊನ್ನೆಯಾಗಿಲ್ಲ. ನಿಗದಿತ ಶುಲ್ಕ ಬರುತ್ತಲೇ ಇದೆ. ಒಂದು ಸಂಜೆ ನೆರೆಯವನು ತನ್ನ ಬಿಲ್ಲನ್ನು ಕಾಂಪೌಂಡ್ ಮೇಲೆ ಹರವಿ, “ಕಾಕಾ, ನೀವು ಸೂರ್ಯನ್ನ ಮನಿಗೆ ಕರ್ಕೊಂಡು ಬಂದ್ರಿ. ನಾ ಮನ್ಯಾಗೇ ಕುಂತಿದ್ದೆ. ಇಬ್ಬರದೂ ಅಷ್ಟಕ್ಕಷ್ಟೇ ಆತಲ್ಲ” ಎಂದ. ಕಾಕಾ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಏಸಿ ಹಾಕಿ, ಅದರ ಸದ್ದು ಹೊರಗೆ ಕೇಳಲೆಂದು ಕಿಟಕಿ ತುಸು ತೆರೆದಿಟ್ಟ.

ಮನೆಯೊಳಗೂ ವಿರೋಧ ಪಕ್ಷ ಇದೆ. ಮಾಳಿಗೆ ಮೊದಲು ಅವನ ಹೆಂಡತಿ ಕಾಕುವಿನ ಸಾಮ್ರಾಜ್ಯವಾಗಿತ್ತು. ಹಪ್ಪಳ, ಸಂಡಿಗಿ, ಕುರುಡಿಗಿ, ಮೆಣಸಿನಕಾಯಿ ಎಲ್ಲ ಅಲ್ಲೇ ಒಣಗಬೇಕು. ಈಗ ಅಲ್ಲಿ ಸೀರೆ ಒಣ ಹಾಕಿದರೂ ಕಾಕಾ ಓಡಿ ಬರುತ್ತಾನೆ. ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೆ ಅದರ ಜೊತೆ ಸಾಲಾಗಿ ಜೋಡಿಸಿದ ಉಳಿದವುಗಳ ದುಡಿಮೆಯೂ ಕುಗ್ಗುತ್ತದೆಂದು ಪಾಠ ಶುರು ಮಾಡುತ್ತಾನೆ. ಪಾಠ ಮುಗಿಯುವವರೆಗೆ ಕೇಳಿ ಕಾಕು ಅಂದದ್ದಿಷ್ಟು: “ಮೂವತ್ತು ವರ್ಷದಿಂದ ಈ ಮಾಳಿಗಿ ಮ್ಯಾಲೆ ಬಿಸಿಲಿಗೆ ಸಂಡಿಗಿ ಒಣಗಿಸ್ಲಿಕತ್ತೀನಿ. ನನಗ ಯಾವ ಸರಕಾರನೂ ಸಬ್ಸಿಡಿ ಕೊಟ್ಟಿಲ್ಲ.”

ಕಾಕಾನಿಗೆ ಬಿಸಿಲಿನ ಬಗ್ಗೆ ಒಂದು ಗುಟ್ಟೂ ಗೊತ್ತಿದೆ, ಆದರೆ ತಾನಾಗಿ ಬಾಯಿ ಬಿಡುವುದಿಲ್ಲ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು. ಶಾಖ ಅದಕ್ಕೂ ಆಗಿಬರುವುದಿಲ್ಲ. ಕಾಗದದ ಮೇಲೆ ಬರೆದ ವಾಟ್ ಎಲ್ಲ 25 ಡಿಗ್ರಿಯ ಲೆಕ್ಕ. ರಾಯಚೂರಿನ ಮೇ ಮಧ್ಯಾಹ್ನ ಪ್ಯಾನೆಲ್ಲಿನ ಮೈ 65 ಡಿಗ್ರಿಗೆ ಏರುತ್ತದೆ. ಒಂದೊಂದು ಡಿಗ್ರಿಗೆ ನೂರಕ್ಕೆ ಅರ್ಧಕ್ಕಿಂತ ತುಸು ಕಡಿಮೆ ಶಕ್ತಿ ಇಳಿಯುತ್ತ ಹೋಗಿ, ಒಟ್ಟು ನೂರಕ್ಕೆ ಹದಿನೈದರಷ್ಟು ಖೋತಾ. ಅಂದರೆ ಊರಿಗೆ ಊರೇ ಸೆಕೆಗೆ ಸುಸ್ತಾಗಿ ಮಲಗಿದಾಗ ಸೆಕೆಯಿಂದಲೇ ದುಡಿಯುತ್ತದೆಂದು ಕಾಕಾ ಹೇಳಿಕೊಳ್ಳುವ ಯಂತ್ರವೂ ಅರೆ ರಜೆಯ ಮೇಲಿರುತ್ತದೆ. ಯಾರಾದರೂ ಇಂಜಿನಿಯರಿಂಗ್ ಹುಡುಗ ಇದನ್ನು ಎತ್ತಿದರೆ ಕಾಕಾ ತಕ್ಷಣ ಮಾತು ತಿರುಗಿಸಿ ಅವನ ಮದುವೆಯ ವಿಷಯಕ್ಕೆ ಬರುತ್ತಾನೆ.

ಇನ್ನು ಕರೆಂಟ್ ಹೋಗುವ ಸಂಗತಿ. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆ ಯಾವ ಊರಿಗೆ ಹುಟ್ಟಿತೋ, ಸಲ್ಲುವುದು ನಮಗೆ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಡುತ್ತಿರುವ ಆರ್‌ಟಿಪಿಎಸ್ ವಿದ್ಯುತ್ ಸ್ಥಾವರ 1,720 ಮೆಗಾವಾಟ್‌ನದು. ಊರಿಗೆ ಅಂಟಿಕೊಂಡಂತಿರುವ ಯರಮರಸ್ ಸ್ಥಾವರ 1,600 ಮೆಗಾವಾಟ್‌ನದು. ಹೊಗೆ ನಮ್ಮದು, ಬೂದಿ ನಮ್ಮದು, ಬೇಸಿಗೆಯ ಮಧ್ಯಾಹ್ನ ಬೀಸಣಿಗೆಯೂ ನಮ್ಮದೇ. ಇದನ್ನು ಕಟ್ಟೆಯ ಮೇಲೆ ಯಾರಾದರೂ ಗೊಣಗಿದರೆ ಕಾಕಾ ತಡೆಯುತ್ತಾನೆ. “ಕರೆಂಟ್ ತಯಾರಾಗೋದು ಬ್ಯಾರೆ, ನಿಮ್ಮ ಮನಿ ತನಕ ಬರೋದು ಬ್ಯಾರೆ. ಟಿಸಿ ನೋಡ್ರಿ ಟಿಸಿ!”

ಅವನ ಮಾತಿನಲ್ಲಿ ಹುರುಳಿದೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಸರಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಒಂದೂವರೆಗೆ ಬಾಗಿಲು ಹಾಕಿದ ಮಂದಿ ಎರಡರ ಒಳಗೆ ಮನೆ ಸೇರಿ ಕೂಲರ್, ಏಸಿ, ಫ್ಯಾನು ಎಲ್ಲ ಒಮ್ಮೆಲೇ ಹಾಕುತ್ತಾರೆ. ಹತ್ತು ವರ್ಷದ ಹಿಂದಿನ ಲೆಕ್ಕಕ್ಕೆ ನಿಲ್ಲಿಸಿದ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಹೊರಗಿನ ಬಿಸಿ, ಒಳಗಿನ ಬಿಸಿ ಎರಡನ್ನೂ ತಾಳಲಾರದೆ ಕುದಿಯುತ್ತದೆ. ತಂತಿ ಕಾದು ಜೋತು ಬೀಳುತ್ತದೆ. ಮೂಲೆಯ ಕಂಬದಲ್ಲಿ ‘ಢಬ್’ ಎಂದು ಸದ್ದಾಗುತ್ತದೆ. ಅಲ್ಲಿಂದ ಮುಂದೆ ಕರೆಂಟಿನ ದೂರು ಹೇಳುವ 1912ಕ್ಕೆ ಫೋನು ಮಾಡಿದರೆ ಓಣಿಯ ಎಲ್ಲರ ಬೆರಳೂ ಅದೇ ನಂಬರಿನ ಮೇಲಿರುತ್ತದೆ.

ಕಾಕಾನ ಬಾಳಿನ ಅತಿ ದೊಡ್ಡ ಪರೀಕ್ಷೆ ನಡೆದದ್ದು ಇಂಥದೇ ಹೊತ್ತಿನಲ್ಲಿ. ಸೊಸೆಯ ತವರಿನವರು ಬಂದಿದ್ದರು. ಊಟದ ನಂತರ ಕಾಕಾ ಮೊಬೈಲನ್ನು ಬೀಗರ ಮೂಗಿನ ಮುಂದೆ ಹಿಡಿದು, “ನೋಡ್ರಿ, ಈಗ ನಿಂತ ಕಾಲಿಗೆ 2.3 ಕಿಲೋವಾಟ್ ಬರ್ಲಿಕತ್ತದ” ಎನ್ನುತ್ತಿದ್ದ. ಮೂಲೆಯಲ್ಲಿ ‘ಢಬ್’ ಎಂದಿತು. ಗೋಡೆಯ ಮೇಲಿನ ಇನ್ವರ್ಟರ್ ಪಿಂಯ್ ಎಂದು ಕೂಗಿ ಕೆಂಪು ದೀಪ ತೋರಿಸಿತು. ಏಸಿ ನಿಂತಿತು. ಫ್ಯಾನು ಸೋತು ಸೋತು ತಿರುಗಿ, ಬೀಗರ ನೆತ್ತಿಯ ಮೇಲೆ ನಿಂತೇ ಬಿಟ್ಟಿತು. ಆ್ಯಪ್‌ನಲ್ಲಿ 0.0. ಬೀಗರು ಎದ್ದು ಬಾಗಿಲಿಗೆ ಹೋಗಿ ಮುಗಿಲು ನೋಡಿ ಬಂದರು. ಬಿಸಿಲು ನೆಲ ಬಿರಿಯುವಂತೆ ಸುರಿಯುತ್ತಿತ್ತು. “ಸೂರ್ಯ ಇದ್ದಾನ್ರಿ, ನಾ ನೋಡಿ ಬಂದೆ” ಎಂದರು.

ಕಾಕಾ ಹೇಳಿದ ವಿವರಣೆ ಪೂರ್ತಿ ನಿಜ, ಆದರೆ ಆ ಸೆಕೆಯಲ್ಲಿ ಯಾರಿಗೂ ರುಚಿಸಲಿಲ್ಲ. ಅವನದು ಬೀದಿಯ ಲೈನಿಗೆ ಕಟ್ಟಿದ ಆನ್‌ಗ್ರಿಡ್ ಸೋಲಾರ್. ಲೈನಿನಲ್ಲಿ ಕರೆಂಟ್ ಇಲ್ಲವಾದರೆ ಅದರ ಇನ್ವರ್ಟರ್ ಎರಡು ಸೆಕೆಂಡಿನೊಳಗೆ ತಾನೇ ಬಂದ್ ಆಗಬೇಕು. ಆಗದಿದ್ದರೆ ಮಾಳಿಗೆಯ ಕರೆಂಟು ಸತ್ತ ತಂತಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್ನಿನ ಜೀವಕ್ಕೆ ಕುತ್ತು. ಕಾಕಾ ಇದನ್ನು ಹೇಳುತ್ತ ಹೇಳುತ್ತ ಭಾವುಕನಾಗಿ, “ಒಬ್ಬನ ಜೀವ ಉಳೀಲಿಕ್ಕೆ ನಾವು ಬೆವರಬೇಕ್ರಿ” ಎಂದ. ಬೀಗರು ಪಂಚೆಯಿಂದ ಕತ್ತು ಒರೆಸಿಕೊಳ್ಳುತ್ತ, “ಅವನು ಇನ್ನೂ ಕಂಬಕ್ಕೆ ಬಂದಿಲ್ಲಲ್ರಿ” ಎಂದರು. ಲೈನಿನ ಕರೆಂಟ್ ಹೋದರೆ ಸೋಲಾರೂ ನಿಲ್ಲುತ್ತದೆಂದು ಹಾಕಿಸುವಾಗ ಮಾರಿದ ಹುಡುಗ ಹೇಳಿರಲಿಲ್ಲ, ಕಾಕಾ ಕೇಳಿರಲಿಲ್ಲ. ಕಾಕು ಮಾತ್ರ ಅಡುಗೆಮನೆಯಿಂದ ಒಂದು ಕಟ್ಟು ಬೀಸಣಿಗೆ ತಂದು ಎಲ್ಲರಿಗೂ ಹಂಚಿದಳು. ಬೇಸಿಗೆ ಬಂದೇ ಬರುತ್ತದೆಂದು ಜಾತ್ರೆಯಲ್ಲಿ ಮೊದಲೇ ಕೊಂಡಿಟ್ಟಿದ್ದಳಂತೆ.

ಅಲ್ಲಿಂದ ಕಾಕಾನ ಎರಡನೇ ಅವತಾರ. ಹೈಬ್ರಿಡ್ ಇನ್ವರ್ಟರ್ ಬಂತು, 150 ಎಎಚ್‌ನ ಎರಡು ಟ್ಯೂಬ್ಯುಲರ್ ಬ್ಯಾಟರಿ ಬಂದವು. ಈಗ ಬೀದಿಯ ಕರೆಂಟ್ ಹೋದರೆ ಇನ್ವರ್ಟರ್ ಮನೆಯನ್ನು ಬೀದಿಯಿಂದ ಕಡಿದುಕೊಂಡು ಒಳಗಿನ ಸಂಸಾರ ನಡೆಸುತ್ತದೆ. ಲೈನ್‌ಮನ್ನೂ ಕ್ಷೇಮ, ಬೀಗರೂ ಕ್ಷೇಮ. ಆದರೆ ಬ್ಯಾಟರಿ ಬಂದ ಮನೆಗೆ ತುರ್ತು ಪರಿಸ್ಥಿತಿಯೂ ಬಂತು. ಕಾಕಾ ಲೆಕ್ಕ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾನೆ: ಎರಡು ಬ್ಯಾಟರಿಯಲ್ಲಿ ಕಾಗದದ ಮೇಲೆ 3.6 ಯುನಿಟ್, ಕೈಗೆ ಸಿಗುವುದು ಎರಡೂವರೆ. ಒಂದೂವರೆ ಟನ್ನಿನ ಏಸಿ ಹಾಕಿದರೆ ಒಂದೂವರೆ ತಾಸಿಗೆ ಖಾಲಿ. 75 ವಾಟಿನ ಹಳೇ ಫ್ಯಾನು ತೆಗೆದು 30 ವಾಟಿನ ಬಿಎಲ್‌ಡಿಸಿ ಹಾಕಿದರೆ ನಾಲ್ಕು ಫ್ಯಾನು, ಒಂದು ಕೂಲರ್, ಎರಡು ದೀಪ ರಾತ್ರಿ ಕಳೆಸುತ್ತವೆ. ಸ್ವಿಚ್ಚುಗಳಿಗೆ ಹಸಿರು, ಕೆಂಪು ಚೀಟಿ. ಬೆಂಗಳೂರಿನಿಂದ ಬಂದ ಮಗ ಕರೆಂಟ್ ಇಲ್ಲದಾಗ ಇಸ್ತ್ರಿ ಪೆಟ್ಟಿಗೆ ಚುಚ್ಚಿದ್ದಕ್ಕೆ ಎರಡು ದಿನ ಮಾತಿಲ್ಲ.

ಬ್ಯಾಟರಿಯ ಉಪಚಾರವೂ ಕಡಿಮೆಯದಲ್ಲ. ಸೆಕೆ 10 ಡಿಗ್ರಿ ಏರಿದರೆ ಇಂಥ ಬ್ಯಾಟರಿಯ ಆಯಸ್ಸು ಅರ್ಧಕ್ಕಿಳಿಯುತ್ತದೆಂದು ಎಲ್ಲೋ ಓದಿದ ಮೇಲೆ ಮನೆಯ ಅತಿ ತಂಪಾದ ಮೂಲೆ ಬ್ಯಾಟರಿಗೆ ಮೀಸಲು. ಅದಕ್ಕೊಂದು ಫ್ಯಾನೂ ಇಟ್ಟಿದ್ದಾನೆ. ಆ ಫ್ಯಾನು ನಡೆಯುವುದು ಅದೇ ಬ್ಯಾಟರಿಯಿಂದ. ಡಿಸ್ಟಿಲ್ಡ್ ವಾಟರ್ ಬಾಟಲಿಯನ್ನು ದೇವರ ಮನೆಯ ತೀರ್ಥದ ಪಕ್ಕ ಇಡುತ್ತಾನೆ. ತೀರ್ಥ ತಪ್ಪಿದರೂ ಅದು ತಪ್ಪುವುದಿಲ್ಲ.

ಇಷ್ಟೆಲ್ಲ ನಕ್ಕ ಓಣಿ ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋದರೆ ಮೆಲ್ಲಗೆ ಅವನ ಗೇಟಿಗೆ ಬರುತ್ತದೆ. ಪಡಸಾಲೆಯ ಪ್ಲಗ್ಗುಗಳಲ್ಲಿ ಊರಿನವರ ಮೊಬೈಲುಗಳು ಸಾಲಾಗಿ ಚಾರ್ಜ್ ಆಗುತ್ತವೆ. ಎದುರು ಮನೆಯ ಅಜ್ಜಿಗೆ ಉಸಿರಾಟದ ನೆಬ್ಯುಲೈಸರ್ ಹಚ್ಚುವುದು ಇಲ್ಲಿಯೇ, ಹಿಂದಿನ ಮನೆಯ ಬಾಣಂತಿ, ಕೂಸು ಮಲಗುವುದೂ ಇಲ್ಲಿಯೇ. ಆಗ ಕಾಕಾ ಯಾವ ಚೀಟಿಯನ್ನೂ ತೋರಿಸುವುದಿಲ್ಲ. ಗೃಹಜ್ಯೋತಿಯ ನೆರೆಯವನು ಬಂದು ಚಾಪೆ ಹಾಸಿದರೆ ಮಾತ್ರ, “ಶೂನ್ಯ ಬಿಲ್ ಅದ, ಶೂನ್ಯ ಗಾಳಿನೂ ಅದ ನೋಡು” ಎಂದು ಒಂದು ಮಾತು ಅಂದೇ ಮಲಗುತ್ತಾನೆ. ಅಷ್ಟು ಬಡ್ಡಿ ಅವನ ಹಕ್ಕು.

ಆದ್ದರಿಂದ ನಿಮ್ಮ ಓಣಿಯ ಸೋಲಾರ್ ಕಾಕಾನನ್ನು ಕಂಡು ದಾರಿ ಬದಲಿಸಬೇಡಿ. ಬೇಸಿಗೆ ಬರುವ ಮೊದಲು ಊಟ ಮುಗಿಸಿ, ಪುರುಸೊತ್ತು ಮಾಡಿಕೊಂಡು ಅವನಲ್ಲಿಗೆ ಹೋಗಿ, “ಕರೆಂಟ್ ಹೋದಾಗ ಇದು ನಡೀತದೇನು?” ಎಂಬ ಪ್ರಶ್ನೆಯೊಂದನ್ನೇ ಕೇಳಿ. ಉತ್ತರಕ್ಕೆ ಎರಡು ತಾಸು ಹಿಡಿಯುತ್ತದೆ. ಅದೇ ಪ್ರಶ್ನೆಯನ್ನು ನಾಳೆ ಪ್ಯಾನೆಲ್ ಮಾರಲು ಬರುವ ಹುಡುಗನಿಗೂ ಕೇಳಿ, ಉತ್ತರವನ್ನು ಬರೆಸಿಕೊಂಡೇ ಸಹಿ ಹಾಕಿ.