ಜಿರಾಫೆಯ ಮುಂದೆ ಮೇಷ್ಟ್ರುಗಳು

ಮಕ್ಕಳನ್ನು ಮೃಗಾಲಯಕ್ಕೆ ಕರೆದುಕೊಂಡು ಹೋಗುವುದು ಸುಲಭ, ಗದರಿದರೆ ಸುಮ್ಮನಾಗುತ್ತವೆ. ಮೇಷ್ಟ್ರುಗಳನ್ನು ಕರೆದುಕೊಂಡು ಹೋಗುವುದೇ ಕಷ್ಟ, ಏಕೆಂದರೆ ಗದರುವುದು ಅವರ ಕಸುಬು. ಮೈಸೂರಿನ ಚಾಮರಾಜೇಂದ್ರ ಮೃಗಾಲಯದಲ್ಲಿ ಶಿಕ್ಷಕರಿಗೊಂದು ವನ್ಯಜೀವಿ ಕಾರ್ಯಾಗಾರವಿದೆ, ಓಓಡಿ ಸೌಲಭ್ಯ, ಅಂದರೆ ಹೋದ ದಿನಕ್ಕೆ ಕೆಲಸದ ಹಾಜರಿಯೇ, ಉಂಟು ಎಂಬ ಸುತ್ತೋಲೆ ಬಂದದ್ದೇ ತಡ, ನಮ್ಮ ತಾಲ್ಲೂಕಿನಲ್ಲಿ ಪ್ರಾಣಿಪ್ರೀತಿ ಉಕ್ಕಿ ಹರಿಯಿತು. ಮಧ್ಯಾಹ್ನದ ಊಟವೂ ಅಲ್ಲೇ ಎಂದು ತಿಳಿದ ಮೇಲೆ ಸಮಾಜ ವಿಜ್ಞಾನದವರಿಗೂ ಹುಲಿಗಳ ಬಗ್ಗೆ ಕಳಕಳಿ ಹುಟ್ಟಿತು.

1892ರಲ್ಲಿ ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ ಶುರುವಾದ ಜೂ ಅದು. ಮಂಗಳವಾರ ವಾರದ ರಜೆ. ನಮ್ಮನ್ನು ಕರೆಸಿದ್ದು ಅಂಥ ಮಂಗಳವಾರವೇ. ಜನರ ಕಾಟ ತಪ್ಪಿತೆಂದು ಹಾಯಾಗಿ ಕೂತಿದ್ದ ಸಿಂಗಳೀಕವೊಂದು ನಮ್ಮ ದಂಡನ್ನು ಕಂಡು, ಭಾನುವಾರ ತರಬೇತಿಗೆ ಕರೆದಾಗ ನಾವು ಮಾಡುವ ಮುಖವನ್ನೇ ಮಾಡಿ ಆ ಕಡೆ ತಿರುಗಿ ಕೂತಿತು.

ಸಭಾಂಗಣದಲ್ಲಿ ಮೊದಲು ಭರ್ತಿಯಾದದ್ದು ಹಿಂದಿನ ಸಾಲು. ಸಂಪನ್ಮೂಲ ವ್ಯಕ್ತಿ ಕಾಡು ಸುತ್ತಿ ಬಿಸಿಲಿಗೆ ಕಪ್ಪಾದ ಎಳೆಯ ಹುಡುಗ. ಹಾವಿಗೆ ಹೊರಕಿವಿ ಇಲ್ಲ, ಅದು ಹೆಡೆಯಾಡಿಸುವುದು ಪುಂಗಿಯ ಅಲುಗಾಟಕ್ಕೇ ಹೊರತು ನಾದಕ್ಕಲ್ಲ, ಹಾಲು ಅದರ ಆಹಾರವೇ ಅಲ್ಲ ಎಂದ. ಹಿಂದಿನ ಸಾಲಿನಿಂದ ಮೇಡಂ ಒಬ್ಬರು ಎದ್ದರು.

"ಹಾಗಾದ್ರೆ ಪ್ರತಿ ವರ್ಷ ಪಂಚಮೀಲಿ ನಮ್ಮನೆ ಹುತ್ತಕ್ಕೆ ಎರೆಯೋ ಹಾಲು ಯಾರು ಕುಡೀತಾರೆ ಸಾರ್?"

"ಮಣ್ಣು ಮೇಡಂ. ಮಿಕ್ಕಿದ್ದು ಇರುವೆ."

ಮೇಡಂ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಈ ಸಲವೂ ಎರೆಯುತ್ತಾರೆ, ಅದು ಬೇರೆ ಮಾತು. ಬರೆದುಕೊಳ್ಳುವುದಕ್ಕೂ ನಂಬುವುದಕ್ಕೂ ಸಂಬಂಧವಿಲ್ಲವೆಂದು ನಮ್ಮ ವೃತ್ತಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಹೊರಗೆ. ಜಿರಾಫೆಯ ಮುಂದೆ ನಿಲ್ಲಿಸಿ ಆ ಹುಡುಗ, "ಹತ್ತು ನಿಮಿಷ ಸುಮ್ನೆ ನೋಡಿ. ಮಾತಾಡಬಾರದು, ವಿವರಿಸಬಾರದು, ಫೋಟೊ ತೆಗೀಬಾರದು. ಕಂಡದ್ದನ್ನಷ್ಟೇ ಬರೀರಿ" ಅಂದ. ಮೀನನ್ನು ನೀರಿನಿಂದ ಎತ್ತಿ ಹಾಕಿದರೂ ಅಷ್ಟು ಒದ್ದಾಡುವುದಿಲ್ಲ. ಗಣಿತದ ಮೇಷ್ಟ್ರು ಎತ್ತರ ಲೆಕ್ಕ ಹಾಕತೊಡಗಿದರು, ಬಾಯಿಬಿಟ್ಟು. ಹಿಂದಿ ಮೇಡಂ ಅವರಿಗೆ "ಶ್" ಎಂದರು. ಅವರ "ಶ್"ಗೆ ಇನ್ನೊಬ್ಬರು "ಶ್" ಎಂದರು. ಕೊನೆಗೆ ಶಬ್ದವೆಲ್ಲ ಬರುತ್ತಿದ್ದದ್ದು ಸದ್ದಡಗಿಸುವವರಿಂದಲೇ.

ಜಿರಾಫೆ ಮಾತ್ರ ತನ್ನ ಕೆಲಸ ನಡೆಸಿತ್ತು. ಕೆಳದವಡೆ ಅಡ್ಡಡ್ಡ ಆಡುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಂತಿತು, ನುಂಗಿತು. ಆಮೇಲೆ ಕೊರಳಿನ ಬುಡದಲ್ಲಿ ಚರ್ಮದಡಿ ಒಂದು ಗಂಟು ಎದ್ದು, ಸರಸರನೆ ಅಷ್ಟುದ್ದ ಹತ್ತಿ ಬಾಯಿ ಸೇರಿತು. ದವಡೆ ಮತ್ತೆ ಆಡತೊಡಗಿತು. ಮೆಲುಕು! ಮೆಲುಕು ಹಾಕುವ ಪ್ರಾಣಿಗಳಿಗೆ ಉದಾಹರಣೆ ಕೊಡಿ ಎಂದರೆ ಹಸು, ಎಮ್ಮೆ, ಆಡು, ಕುರಿ ಎಂದು ಬರೆಸಿ ಪಾಠ ಮುಗಿಸುವವರು ನಾವು. ಜಿರಾಫೆಗೆ ನಮ್ಮ ಪುಸ್ತಕದಲ್ಲಿ ಉದ್ದ ಕತ್ತು ಬಿಟ್ಟರೆ ಬೇರೆ ಕೆಲಸವಿಲ್ಲ. ಆ ಕತ್ತಿನಲ್ಲೂ ನಮಗಿರುವಷ್ಟೇ, ಏಳೇ ಮೂಳೆ, ಒಂದೊಂದೂ ಗೇಣುದ್ದದ್ದು ಎಂದು ಆಮೇಲೆ ಆ ಹುಡುಗ ಹೇಳಿದ. ಅಷ್ಟೂ ಜನ ಒಟ್ಟಿಗೆ ಕತ್ತು ಮುಟ್ಟಿ ನೋಡಿಕೊಂಡೆವು.

ನೀಲಿಕಪ್ಪು ನಾಲಿಗೆ ಹೊರಗೆ ಬಂದು ಮೂಗಿನ ಹೊಳ್ಳೆಯನ್ನು ಒರೆಸಿಕೊಂಡು ಒಳಗೆ ಹೋಯಿತು. ಅದನ್ನೂ ಬರೆಯೋಣವೆನ್ನುವಷ್ಟರಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು ಹತ್ತು ನಿಮಿಷ ಆಯಿತೆಂದು ಅಭ್ಯಾಸಬಲದಿಂದ ಸೀಟಿ ಊದಿದರು. ಜಿರಾಫೆಯ ಎರಡೂ ಕಿವಿ ಅವರತ್ತ ತಿರುಗಿದವು. ನಾವು ಸಾಲಾಗಿ ನಿಂತೆವು.

ಮಧ್ಯಾಹ್ನ ಊಟ, ಬಾವಲಿಗಳ ಬಗ್ಗೆ ಒಂದು ಭಾಷಣ, ಸ್ವಲ್ಪ ನಿದ್ದೆ. ಕೊನೆಗೆ ಪ್ರತಿಕ್ರಿಯೆಯ ನಮೂನೆ ಬಂತು. "ನೀವೇನು ಬರೆದ್ರಿ, ಸ್ವಲ್ಪ ತೋರ್ಸಿ" ಎನ್ನುತ್ತ ಒಂದೇ ಉತ್ತರ ಸಾಲಿನುದ್ದಕ್ಕೂ ಸಾಗಿತು. ನಮ್ಮ ಮಕ್ಕಳು ಇದನ್ನು ಎಲ್ಲಿಂದ ಕಲಿಯುತ್ತಾರೋ ಎಂದು ಶಿಕ್ಷಕರ ಸಭೆಗಳಲ್ಲಿ ಆಗಾಗ ಚರ್ಚೆಯಾಗುತ್ತದೆ.

ಮರಳಿದ ಮೇಲೆ ನನ್ನ ಮಕ್ಕಳಿಗೂ ಆ ಹತ್ತು ನಿಮಿಷ ನೋಡಿಸಬೇಕೆನಿಸಿತು. ನಮ್ಮೂರ ಶಾಲೆಗೆ ಜಿರಾಫೆ ಎಲ್ಲಿಂದ ತರುವುದು? ಬಿಸಿಯೂಟದ ತಟ್ಟೆಗಳಿಗೆ ಕಣ್ಣು ನೆಟ್ಟು ಹೊಂಗೆಮರದಲ್ಲಿ ಕೂರುವ ಕಾಗೆಯನ್ನೇ ಹಿಡಿದೆ. ಆರನೇ ತರಗತಿಯವರನ್ನು ಕೆಳಗೆ ಕೂರಿಸಿ, ಹತ್ತು ನಿಮಿಷ ನೋಡಿ, ಕಂಡದ್ದನ್ನಷ್ಟೇ ಬರೆಯಿರಿ ಎಂದೆ. ಹೆಚ್ಚಿನವರು ಕಾಗೆ ಕಪ್ಪಗಿದೆ ಎಂದು ಬರೆದರು. ಕೊನೆಯ ಸಾಲಿನ ಹುಡುಗ ಮಾತ್ರ ನಿಜವಾಗಿ ನೋಡಿದ್ದ. "ಕಾಗೆ ಎರಡು ಸಲ ಕೂಗಿತು. ಮಿಸ್ಸು ಒಂಬತ್ತು ಸಲ ಸುಮ್ನಿರ್ರೋ ಅಂತ ಕೂಗಿದರು. ಕಾಗೆ ಹಾರಿಹೋಯಿತು."